ತಾರಸಿಯ ಮೇಲೆ ಪೇಟ್ಲ

ಐವತ್ತರ ಹತ್ತಿರ ಬಂದ ಗಂಡಸರಿಗೆ ಏನಾದರೊಂದು ಹೊಸದನ್ನು ಕೊಳ್ಳುವ ಚಪಲ ಹುಟ್ಟುತ್ತದೆ ಎಂಬುದು ನನ್ನ ಅನುಭವ. ನಮ್ಮ ಕಂಪನಿಯ ಅಕೌಂಟೆಂಟ್ ಟ್ರೆಡ್‌ಮಿಲ್ ಕೊಂಡರು. ಈಗ ಅದರ ಮೇಲೆ ಅವರ ಮನೆಯ ಬಟ್ಟೆ ಒಣಗುತ್ತದೆ. ಹೂರಾ ಬಡಾವಣೆಯಲ್ಲಿರುವ ಗೆಳೆಯರೊಬ್ಬರು ಗಿಟಾರ್ ಕೊಂಡರು. ಅವರ ಪಕ್ಕದ ಮನೆಯವರು ಫ್ಲ್ಯಾಟ್ ಬದಲಾಯಿಸಿದರು. ನಾನು ಬಂದೂಕು ಕೊಂಡೆ. ಹೀಗೆಂದ ಕೂಡಲೇ ಎದುರಿಗಿರುವವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ದಪ್ಪ ಕನ್ನಡಕ, ಮುಂದೆ ಬಂದ ಹೊಟ್ಟೆ, ಬಹರೈನಿನ ಒಂದು ಕಾಂಟ್ರಾಕ್ಟ್ ಕಂಪನಿಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುತ್ತ ಅರ್ಧ ಆಯುಷ್ಯ ಕಳೆದ ಮನುಷ್ಯ. ಇವನಿಗೆ ಬಂದೂಕು ಕೊಟ್ಟವರು ಯಾರು ಎಂಬ ಪ್ರಶ್ನೆ ಅವರ ಮುಖದಲ್ಲಿ ಕಾಣುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನನ್ನ ಬಂದೂಕು ಬಿದಿರಿನದು. ಅದಕ್ಕೆ ಉಡುಪಿಯ ಕಡೆ ಪೇಟ್ಲ ಎನ್ನುತ್ತಾರೆ.

ಅಷ್ಟಮಿಯ ಸಮಯದಲ್ಲಿ ಉಡುಪಿಯ ರಥಬೀದಿಯಲ್ಲಿ ಓಡಾಡಿದವರಿಗೆ ಪೇಟ್ಲದ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಮೊಳದುದ್ದದ ಒಂದು ಬಿದಿರಿನ ಕೊಳವೆ, ಅದರೊಳಗೆ ಬಿಗಿಯಾಗಿ ಹೋಗಿಬರುವ ಹಿಡಿಯಿರುವ ಒಂದು ಕೋಲು. ಗುಡ್ಡೆಯಲ್ಲಿ ಸಿಗುವ ಒಂದು ಹಸಿರು ಕಾಡುಕಾಯಿಯನ್ನು ಕೊಳವೆಯ ತುದಿಯವರೆಗೆ ತಳ್ಳಿ ಇಡುವುದು, ಹಿಂದಿನಿಂದ ಇನ್ನೊಂದನ್ನು ತುರುಕಿ ಕೋಲನ್ನು ರಪ್ಪನೆ ಒತ್ತುವುದು. ನಡುವೆ ಸಿಕ್ಕಿಬಿದ್ದ ಗಾಳಿ ಮುಂದಿನ ಕಾಯಿಯನ್ನು 'ಪಟ್' ಎಂದು ಹೊರಗೆ ಹಾರಿಸುತ್ತದೆ. ಹಿಂದಿನ ಕಾಯಿ ಮುಂದೆ ಬಂದು ಕೂತು ಮುಂದಿನ ಗುಂಡಾಗುತ್ತದೆ. ಆ ಕಾಡುಕಾಯಿಯ ಹೆಸರು ಕೇಳಬೇಡಿ. ಒಂದೊಂದು ಮನೆಯಲ್ಲಿ ಒಂದೊಂದು ಹೆಸರು ಹೇಳಿ, ಬೇರೆಯವರು ಹೇಳಿದ್ದು ತಪ್ಪು ಎನ್ನುತ್ತಾರೆ. ನಾನು ಕಳೆದ ಅಷ್ಟಮಿಗೆ ರಜೆಯಲ್ಲಿ ಹೋದಾಗ ಒಂದು ಪೇಟ್ಲ ಕೊಂಡೆ. ಯಾಕೆ ಕೊಂಡೆ ಎಂದರೆ, ಸಣ್ಣವನಿದ್ದಾಗ ಯಾರೂ ಕೊಡಿಸಿರಲಿಲ್ಲ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತೆರೆಸಿದ ಉತ್ತರದ ಕಡೆಯ ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ "ಯೇ ಕ್ಯಾ ಹೈ?" ಎಂದು ಕೇಳಿದಾಗ ನನಗೆ ಹಿಂದಿಯೇ ಮರೆತುಹೋಯಿತು. ಪಕ್ಕದಲ್ಲಿದ್ದ ನಮ್ಮೂರಿನ ಸಿಬ್ಬಂದಿ ಇಣುಕಿ ನೋಡಿ, "ಪೇಟ್ಲ ಸಾರ್, ಅಷ್ಟಮಿದ್ದು. ಮಕ್ಕಳ ಆಟದ್ದು" ಎಂದು ನನ್ನನ್ನು ಬಿಡಿಸಿದ. ಮಕ್ಕಳು ಎಲ್ಲಿ ಎಂದು ಆ ಅಧಿಕಾರಿ ನನ್ನ ಹಿಂದೆ ಮುಂದೆ ಹುಡುಕಿದ್ದು ಬೇರೆ ವಿಷಯ.

ಆ ಪೇಟ್ಲ ಬಹರೈನಿನ ಸೆಗಯಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಬಟ್ಟೆಯ ಕಪಾಟಿನ ಮೇಲೆ ಚಳಿಗಾಲವೆಲ್ಲ ಸುಮ್ಮನೆ ಮಲಗಿತ್ತು. ಅದಕ್ಕೆ ಕೆಲಸ ಬಂದದ್ದು ನನ್ನ ಹೆಂಡತಿಯ ಕೆಲಸ ಹೋದ ಮೇಲೆ. ಸುಜಾತಾ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿನಲ್ಲಿದ್ದಳು. ಕ್ಲಿನಿಕ್ಕನ್ನು ಬೇರೆಯವರು ಕೊಂಡರು, ಹೊಸಬರು ತಮ್ಮದೇ ಜನರನ್ನು ತಂದರು. ಅವಳಿಗೆ ಮೊದಲು ಯಾರೂ ಏನೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಹೋದಾಗ ಅವಳ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳಂತೆ. ಸಂಬಳ ಹೋದದ್ದು ನಮಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಹೋದದ್ದು ಬೇರೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವಳು ಆ ದಿನದ ಕಥೆ ಶುರುಮಾಡುತ್ತಿದ್ದಳು. ಸೂಜಿ ಕಂಡು ಓಡಿಹೋದ ಪೈಲ್ವಾನನಂಥ ಮನುಷ್ಯ, ತನ್ನ ಕೈಬರಹ ತನಗೇ ತಿಳಿಯದೆ ಅವಳನ್ನು ಕೇಳುವ ಡಾಕ್ಟರು, ಎಲ್ಲರ ಸ್ವರ ಎಲ್ಲರ ನಡಿಗೆ ಅಣಕಿಸಿ ತೋರಿಸಿ, ಕೊನೆಗೆ ತಾನೇ ನಗು ತಡೆಯಲಾರದೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಆ ನಗು ನಿಂತಿತು. ಮನೆಯಲ್ಲಿ ಮಾತು ಇತ್ತು, ಆದರೆ ಗ್ಯಾಸ್ ಮುಗಿದಿದೆ, ಎಸಿ ತೊಟ್ಟಿಕ್ಕುತ್ತಿದೆ, ಮೀನು ತನ್ನಿ, ಇಷ್ಟೇ. ನನ್ನ ಸ್ಟೋರಿನಲ್ಲಿ ಯಾವ ಮೆಷಿನಿನ ಯಾವ ಭಾಗ ಹೋದರೂ ಬದಲಿ ಸಿಗುತ್ತದೆ ಎಂಬ ಜಂಬ ನನಗಿತ್ತು. ಇದಕ್ಕೆ ಬದಲಿ ಎಲ್ಲಿಂದ ತರುವುದೆಂದು ತಿಳಿಯಲಿಲ್ಲ. ಅವಳನ್ನೇ ಕೂರಿಸಿ ಕೇಳುವ ಧೈರ್ಯವೂ ಬರಲಿಲ್ಲ.

ಹೀಗಿರುವಾಗ ಒಂದು ದಿನ ಅವಳೇ, "ಈ ಬಿಸಿಲು ಸುಮ್ಮನೆ ಹಾಳಾಗ್ತದಲ್ಲ, ಸಂಡಿಗೆ ಹಾಕಿದ್ರೆ ಹೇಗೆ?" ಎಂದಳು. ನಾನು ಕುಣಿದಾಡುವುದೊಂದು ಬಾಕಿ. ಬಹರೈನಿನಲ್ಲಿ ಬಿಸಿಲಿಗೆ ಬರವಿಲ್ಲ; ಬೆಳಿಗ್ಗೆ ಹಾಕಿದ್ದು ಸಂಜೆಗೆ ಗಲಗಲ ಎನ್ನುತ್ತದೆ. ಬೇಕಾದದ್ದು ತಾರಸಿ, ತಾರಸಿಯ ಬಾಗಿಲಿಗೆ ಬೀಗ. ನಮ್ಮ ಕಟ್ಟಡದ ನಾತೂರ್, ಎಂದರೆ ಕಾವಲುಗಾರ, ಬಾಂಗ್ಲಾದೇಶದ ಶಫೀಕ್ ಭಾಯ್. ಅವನ ಮೂಲಕ ಕಟ್ಟಡದ ಯಜಮಾನರಾದ ಅಬೂ ಯೂಸುಫ್ ಎಂಬ ವೃದ್ಧರಲ್ಲಿ ಅರಿಕೆ ಹೋಯಿತು. ತಾರಸಿ ಚೊಕ್ಕವಾಗಿರಬೇಕು, ನೀರಿನ ಟಾಂಕಿಯ ಹತ್ತಿರ ಗಲೀಜು ಆಗಬಾರದು, ಆಯಿತೆಂದರೆ ಬೀಗದ ಕೈ ವಾಪಸ್ ಎಂಬ ಷರತ್ತಿನ ಮೇಲೆ ಕೀಲಿಕೈ ಬಂತು. ಸುಜಾತಾ ಹಳೆಯ ಸೀರೆ ಹಾಸಿ ಸಬ್ಬಕ್ಕಿ ಸಂಡಿಗೆ ಹಾಕಿದಳು. ಸಾಲಾಗಿ, ಒಂದೇ ಅಳತೆಯಲ್ಲಿ, ಕ್ಲಿನಿಕ್ಕಿನಲ್ಲಿ ಫೈಲು ಜೋಡಿಸಿದ ಹಾಗೆ. ನೋಡಿ ನನಗೆ ಸಮಾಧಾನವಾಯಿತು. ಮಧ್ಯಾಹ್ನ ಮಗುಚಿ ಹಾಕಲು ಹೋದವಳು ಕೂಡಲೇ ಕೆಳಗೆ ಬಂದಳು. ಪಾರಿವಾಳಗಳು ಅರ್ಧ ತಿಂದು, ಉಳಿದರ್ಧದ ಮೇಲೆ ನಡೆದಾಡಿ, ಮಾಡಬಾರದ್ದನ್ನೂ ಮಾಡಿ ಹೋಗಿದ್ದವು. ಸುಜಾತಾ ಸೀರೆಯನ್ನು ಬಕೆಟಿಗೆ ಹಾಕುತ್ತ, "ಹೋಗ್ಲಿ ಬಿಡಿ. ಇದೂ ನನಗೆ ಹೇಳಿಸಿದ್ದಲ್ಲ" ಎಂದಳು. ಆ 'ಇದೂ' ನನ್ನ ಎದೆಗೆ ನಾಟಿತು. ಆ ಕ್ಷಣ ನಾನು ಪಾರಿವಾಳಗಳ ಮೇಲೆ ಯುದ್ಧ ಸಾರಿದೆ.

ಮೊದಲ ಯುದ್ಧ ಅಹಿಂಸಾತ್ಮಕವಾಗಿತ್ತು. ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ತೂಗುಹಾಕಿದೆ. ಪಾರಿವಾಳಗಳು ಅದರಲ್ಲಿ ಮುಖ ನೋಡಿಕೊಂಡವು. ಬಲೆ ಕಟ್ಟಿದೆ, ಸುಜಾತಾಳ ಕಾಲು ಸಿಕ್ಕಿಕೊಂಡಿತು. ನನ್ನದೇ ಅಂಗಿ ಪ್ಯಾಂಟು ಕೋಲಿಗೆ ತೊಡಿಸಿ, ಮೇಲೆ ಮಡಕೆಯ ಬದಲು ಸೈಟಿನ ಹೆಲ್ಮೆಟ್ ಇಟ್ಟು ಬೆರ್ಚಪ್ಪನನ್ನು ನಿಲ್ಲಿಸಿದೆ. ಎದುರು ಕಟ್ಟಡದ ಪಾಕಿಸ್ತಾನಿ ದರ್ಜಿಯೊಬ್ಬರು ದಿನಾ ಬೆಳಿಗ್ಗೆ ಅದಕ್ಕೆ ಸಲಾಂ ಹೇಳುತ್ತಿದ್ದರಂತೆ. ಒಮ್ಮೆ ರಸ್ತೆಯಲ್ಲಿ ಸಿಕ್ಕಿ, "ಭಾಯ್‌ಸಾಬ್, ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಬೇಡಿ" ಎಂದು ಹಿಂದಿಯಲ್ಲಿ ಬುದ್ಧಿ ಹೇಳಿದರು. ಪಾರಿವಾಳಗಳಿಗೆ ಮಾತ್ರ ನಾನು ಯಾರು, ಅಂಗಿ ಯಾವುದು ಎಂಬ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಅವು ಬೆರ್ಚಪ್ಪನ ಹೆಗಲ ಮೇಲೆ ಕೂತು ವಿಶ್ರಾಂತಿ ಪಡೆದವು. ಆಗ ನನಗೆ ಕಪಾಟಿನ ಮೇಲಿನ ಪೇಟ್ಲ ನೆನಪಾಯಿತು. ಹಕ್ಕಿಗೆ ನೋವು ಮಾಡುವ ಉದ್ದೇಶ ನನಗಿರಲಿಲ್ಲ. ಅದರ ಪಕ್ಕದಲ್ಲೊಂದು ಗುಂಡು 'ಪಟ್' ಎಂದು ಬಿದ್ದರೆ ಸಾಕು, ಮಾನ ಇದ್ದ ಹಕ್ಕಿ ಮತ್ತೆ ಬರಲಾರದು ಎಂದು ಲೆಕ್ಕ ಹಾಕಿದೆ.

ಹೊಸ ಬಂದೂಕು ಕೈಗೆ ಬಂದ ಕೂಡಲೇ ಬೇಟೆಗೆ ಹೊರಡಬಾರದು ಎಂಬ ಜ್ಞಾನ ನನಗೆ ನನ್ನ ಸೋದರಮಾವನಿಂದ ಬಂದದ್ದು. ಕಾರ್ಕಳದ ಹತ್ತಿರ ಅವನ ಮನೆಯ ಚಾವಡಿಯಲ್ಲಿ ಚಕಮಕಿ ಕಲ್ಲಿನ ಕಾಲದ ಒಂದು ಕೋವಿ ತೂಗುತ್ತಿತ್ತು. ಮದ್ದನ್ನು ಮೂತಿಯಿಂದ ಸುರಿದು, ಎಣ್ಣೆ ಹಚ್ಚಿದ ಬಟ್ಟೆಯ ಚೂರಿನಲ್ಲಿ ಸೀಸದ ಗುಂಡನ್ನು ಸುತ್ತಿ, ಕೋಲಿನಿಂದ ಜಡಿದು, ಕೋವಿಯ ಬದಿಯ ತೂತಿನ ಹತ್ತಿರದ ಬಟ್ಟಲಲ್ಲಿ ಇನ್ನಷ್ಟು ಮದ್ದಿಟ್ಟು ಕುದುರೆ ಎಳೆದರೆ, ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ, ಮನಸ್ಸಾದರೆ ಢಂ ಎನ್ನುವುದು. ಮನಸ್ಸಿಲ್ಲದಿದ್ದರೆ ಬರೀ ಹೊಗೆ. ಗದ್ದೆಗೆ ಬರುವ ಹಂದಿ ಓಡಿಸಲು ಲೈಸೆನ್ಸ್ ಪಡೆದಿದ್ದ ಮಾವ ಹಂದಿಗಿಂತ ಹೆಚ್ಚು ಗುಂಡು ಹೊಡೆದದ್ದು ಹಲಸಿನ ಮರದ ಬುಡಕ್ಕೆ. "ಕೋವಿಯ ಅಭ್ಯಾಸ ಮೊದ್ಲು ನೋಡ್ಬೇಕು ಮಾರಾಯ" ಎನ್ನುತ್ತಿದ್ದ. "ಮದ್ದು ಎಷ್ಟು ಹಾಕಿದ್ರೆ ಅದಕ್ಕೆ ಖುಷಿ, ಬಾಯಿ ಯಾವ ಕಡೆಗೆ ವಾಲ್ತದೆ, ಎಲ್ಲ ತಿಳಿದ ಮೇಲೆಯೇ ಹಂದಿ." ಹೀಗೆ ತಿಳಿಯುವುದರಲ್ಲೇ ಅವನ ಕಾಲ ಕಳೆಯಿತು. ಒಂದು ಹಂದಿಯೂ ಬೀಳಲಿಲ್ಲ. ಹಂದಿಗಳಿಗೂ ಅವನ ಗುರುತಿತ್ತೆಂದು ಕಾಣುತ್ತದೆ. ಕೋವಿಯ ಸದ್ದು ಕೇಳಿದರೆ ಅವು ತಲೆಯೆತ್ತಿ ನೋಡಿ, ಓ ಇವರಾ, ಎಂದು ಮತ್ತೆ ಗೆಣಸು ಅಗೆಯುತ್ತಿದ್ದವು. ಈ ಮಾವನ ರಕ್ತವೇ ನನ್ನಲ್ಲೂ ಹರಿಯುತ್ತಿದೆ ಎಂಬುದನ್ನು ನಾನು ಆಗಲೇ ಗಮನಿಸಬೇಕಾಗಿತ್ತು.

ನನಗೆ ಒಬ್ಬ ಸಲಹೆಗಾರರೂ ಸಿಕ್ಕಿದರು. ನಮ್ಮ ಕೆಳಗಿನ ಮಹಡಿಯ ಲಾರೆನ್ಸ್ ಪೊರ್ಬುಗಳು. ನಮ್ಮ ಕಡೆ ತುಳುವರು ಕ್ರಿಶ್ಚಿಯನ್ನರನ್ನು ಗೌರವದಿಂದ ಪೊರ್ಬು ಎನ್ನುವುದು ರೂಢಿ. ಇವರು ಶಿರ್ವದವರು, ಒಂದು ಹೋಟೆಲಿನ ಬೇಕರಿಯ ಮುಖ್ಯಸ್ಥರು. ಪೇಟ್ಲ ಕಂಡದ್ದೇ ಅವರ ಕಣ್ಣು ಅಗಲವಾಯಿತು. "ಎಲ್ಲಿಂದ ತಂದ್ರಿ ಮಾರಾಯ್ರೇ ಇದನ್ನು! ಸಣ್ಣದಿರುವಾಗ ನಾವು ಅಷ್ಟಮಿಗೆ ಉಡುಪಿಗೆ ಹೋಗಿ ತರ್ತಿದ್ದೆವು. ಪಾದ್ರಿಯವರಿಗೆ ಗೊತ್ತಾಗ್ಬಾರ್ದು ಅಂತ ಚರ್ಚಿನ ಹಿಂದೆ ಹೊಡೀತಿದ್ದೆವು. ಅವರಿಗೆ ಸದ್ದು ಕೇಳ್ತಿತ್ತು, ಏನೂ ಹೇಳ್ತಿರ್ಲಿಲ್ಲ" ಎಂದರು. ಬೇಕರಿಯವರಾದ್ದರಿಂದ ಎಲ್ಲದರಲ್ಲೂ ಅವರಿಗೆ ಹದ ಮುಖ್ಯ. ಗುಂಡಿನ ಪ್ರಶ್ನೆಯನ್ನು ಅವರು ಕೇಕಿನ ಹಿಟ್ಟಿನಷ್ಟೇ ಗಂಭೀರವಾಗಿ ಕೈಗೆತ್ತಿಕೊಂಡರು.

ಯಾಕೆಂದರೆ ನಮ್ಮ ಗುಡ್ಡೆಯ ಕಾಯಿ ಇಲ್ಲಿ ಹುಟ್ಟುವುದಿಲ್ಲ. ಮೊದಲು ನೆನೆಸಿದ ಪೇಪರಿನ ಉಂಡೆ ಮಾಡಿದೆವು. ಅದು ಪಟ್ ಎನ್ನುವ ಬದಲು ಟುಸ್ ಎಂದು ನಾಲ್ಕು ಹೆಜ್ಜೆ ದೂರದಲ್ಲಿ ನಾಚಿಕೊಂಡು ಬಿತ್ತು. ರಸ್ತೆಬದಿಯ ಬೇವಿನ ಕಾಯಿ ಇನ್ನೂ ಎಳೆಯದು. ಬುದಯ್ಯದ ಕಡೆ ಸಂತೆಗೆ ಹೋದಾಗ ಹೀಚು ಖರ್ಜೂರ ಕೇಳಿದೆ. ಅಂಗಡಿಯವನು, ತಿಂಗಳು ಕಾದರೆ ಹಣ್ಣೇ ಸಿಗುವಾಗ ಈ ಮನುಷ್ಯನಿಗೇನು ಅವಸರ ಎಂಬಂತೆ ನೋಡಿದ. ಒಣ ಬಟಾಣಿ ಕೊಳವೆಯಲ್ಲಿ ಗಲಗಲ ಉರುಳಿತು. ಕಾಬೂಲಿ ಕಡಲೆ ನೆನೆದು ಉಬ್ಬಿ ಒಳಗೇ ಸಿಕ್ಕಿ, ಅದನ್ನು ತೆಗೆಯಲು ವಾರದ ರಜೆಯ ಒಂದು ಇಡೀ ಶುಕ್ರವಾರ ಹೋಯಿತು. ಕೊನೆಗೆ ಗೆದ್ದದ್ದು ಕಪ್ಪು ಕಡಲೆ. ಅದನ್ನು ತೀರ ಮೆತ್ತಗಾಗದಂತೆ ನೆನೆಸಬೇಕು, ಬಟ್ಟೆಯ ಮೇಲೆ ಹರಡಿ ಮೈ ಒಣಗಿಸಬೇಕು. ಕಡಲೆಗೆ ಒಂದು ಮೂಗು ಇರುವುದರಿಂದ ಆ ಬದಿಯಲ್ಲಿ ಗಾಳಿ ಸೋರುತ್ತಿತ್ತು. ಮಾವನ ಬಟ್ಟೆಚೂರು ನೆನಪಾಗಿ, ಒದ್ದೆ ಟಿಶ್ಯೂವಿನ ಚಿಟಿಕೆಯಷ್ಟು ಚೂರನ್ನು ಕಡಲೆಗೆ ಸುತ್ತಿದೆ. ಪೊರ್ಬುಗಳು ಕೋಲಿಗೆ ಒಂದು ತೊಟ್ಟು ತೆಂಗಿನೆಣ್ಣೆ ಸವರಿದರು. ನಾನು ಒತ್ತಿದೆ. 'ಪಟ್!' ಎಂಬ ಸದ್ದು ಸುತ್ತಲಿನ ಕಟ್ಟಡಗಳಿಗೆ ಬಡಿದು ತಿರುಗಿ ಬಂತು. ಇಬ್ಬರೂ ಕೈಕುಲುಕಿದೆವು. ನಮ್ಮಿಬ್ಬರ ವಯಸ್ಸು ಕೂಡಿಸಿದರೆ ನೂರು ದಾಟುತ್ತದೆ ಎಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಮುಂದಿನದು ಗುರಿ. ಲಬನ್ ಮಜ್ಜಿಗೆಯ ಖಾಲಿ ಡಬ್ಬಿಯನ್ನು ತಾರಸಿಯ ಕಟ್ಟೆಯ ಮೇಲಿಟ್ಟು ಹೊಡೆದೆ. ಕಡಲೆ ಎಡಕ್ಕೆ ಹೋಯಿತು. ಇನ್ನೊಮ್ಮೆ ಹೊಡೆದೆ, ಇನ್ನೊಮ್ಮೆಯೂ ಎಡಕ್ಕೇ. ಪೊರ್ಬುಗಳು ಕೊಳವೆಯನ್ನು ಕಣ್ಣಿಗೆ ಹಿಡಿದು, "ಬಿದಿರು ಸ್ವಲ್ಪ ಬಗ್ಗಿದೆ. ತುದಿ ಕೆತ್ತಿದ್ರೆ ಸರಿಯಾಗ್ತದೆ" ಎಂದು ಚಾಕು ತೆಗೆದರು. ನನಗೆ ಮನಸ್ಸು ಬರಲಿಲ್ಲ. ಬಿದಿರಿನ ಬಾಗು ಹುಟ್ಟಿನಿಂದ ಬಂದದ್ದು. ನಾನೇ ಬಲಕ್ಕೆ ಸರಿದರಾಯಿತಲ್ಲ ಎಂದೆ. ಡಬ್ಬಿ ಬೀಳಬೇಕಾದರೆ ಅದರ ಬಲಕ್ಕಿರುವ ಟಾಂಕಿಯ ನಲ್ಲಿಗೆ ಗುರಿಯಿಡಬೇಕು ಎಂದು ಕೆಲವು ಬೆಳಗುಗಳಲ್ಲಿ ಕಂಡುಕೊಂಡೆ. ಹಾಗೆ ನಲ್ಲಿಯನ್ನೇ ನೋಡುತ್ತ ನಿಂತಾಗ ನನಗೆ ಅನೇಕ ವಿಚಾರಗಳು ಹೊಳೆದವು. ಎರಡು ವರ್ಷ ದುಡಿದು ಹಿಂದಿರುಗುವುದೆಂದು ಗುರಿಯಿಟ್ಟು ಈ ದೇಶಕ್ಕೆ ಬಂದವನು ನಾನು; ಗುಂಡು ಎಲ್ಲಿ ಬಿದ್ದಿದೆ ನೋಡಿ. ಸುಜಾತಾಳೂ ನರ್ಸ್ ಆಗಲು ಹೊರಟವಳು, ರಿಸೆಪ್ಶನಿನಲ್ಲಿ ನಿಂತಳು, ಅಲ್ಲಿ ಎಷ್ಟು ಚೆನ್ನಾಗಿ ಬೇರುಬಿಟ್ಟಿದ್ದಳೆಂದರೆ ಅದೇ ಅವಳ ಗುರಿಯಾಗಿತ್ತೇನೋ ಎನ್ನಬೇಕು. ಮನುಷ್ಯರಿಗೂ ಒಂದೊಂದು ಬಾಗು ಇರುತ್ತದೆ. ಅದು ಯಾವ ಕಡೆಗೆಂದು ತಿಳಿದವರಿಗೆ ಜೀವನ ಸ್ವಲ್ಪ ಸುಲಭ. ನನ್ನ ಬಾಗು ಯಾವುದೆಂದು ಯೋಚಿಸಿದೆ, ಉತ್ತರ ಹೊಳೆಯುವ ಮೊದಲು ಆಫೀಸಿನ ಬಸ್ಸಿಗೆ ಹೊತ್ತಾಯಿತು.

ಅಷ್ಟರಲ್ಲಿ ಸುಜಾತಾ ಎರಡನೆಯ ಸಲ ಸಂಡಿಗೆ ಹಾಕುವ ಸಿದ್ಧತೆ ಮಾಡಿದಳು. ಇದಕ್ಕೆ ಅವಳನ್ನು ಒಪ್ಪಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. "ಪಾರಿವಾಳದ ಜವಾಬ್ದಾರಿ ನನ್ನದು" ಎಂದು ಎದೆ ತಟ್ಟಿಕೊಂಡಿದ್ದೆ. ಈ ಸಲವೂ ಹಾಳಾದರೆ ಅವಳು ಇನ್ನು ಆ ಮೆಟ್ಟಿಲು ಹತ್ತುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಶುಕ್ರವಾರ ಬೆಳಿಗ್ಗೆ ಅವಳು ಸಂಡಿಗೆ ಹಾಕಿ ಮೆಟ್ಟಿಲ ಕೋಣೆಯ ನೆರಳಲ್ಲಿ ಕುರ್ಚಿ ಹಾಕಿ ಕೂತಳು. ನಾನು ಪೇಟ್ಲ ಹಿಡಿದು ಟಾಂಕಿಯ ಮರೆಯಲ್ಲಿ ಅಡಗಿದೆ. ಒಂದು ಪಾರಿವಾಳ ಬಂತು. ನಾನು ಹೊಡೆದೆ. ಕಡಲೆ ಅದರ ಪಕ್ಕದಲ್ಲೇ ಬಿತ್ತು, ಇದಕ್ಕಿಂತ ಒಳ್ಳೆಯ ಗುರಿ ಸಾಧ್ಯವೇ ಇರಲಿಲ್ಲ. ಪಾರಿವಾಳ ಒಂದು ಹೆಜ್ಜೆ ಸರಿದು, ಕತ್ತು ಓರೆ ಮಾಡಿ, ಕಡಲೆಯನ್ನು ಟಿಶ್ಯೂವಿನಿಂದ ಬಿಡಿಸಿ ನುಂಗಿತು. ಸದ್ದಿಗೆ ಎದುರು ಕಟ್ಟಡದಿಂದ ಹತ್ತಾರು ಹಾರಿ ಬಂದವು. ನಾನು ಅವಸರದಿಂದ ಮತ್ತೆ ಮತ್ತೆ ಹೊಡೆದೆ. ಅವು ಮತ್ತೆ ಮತ್ತೆ ಬಂದವು. ಕೊನೆಗೆ ನನ್ನ ಕಾಲ ಬುಡದಲ್ಲೇ ಒಂದು ಗುಂಪು ನಿಂತು ಕೊಳವೆಯ ಬಾಯಿಯನ್ನೇ ನೋಡತೊಡಗಿತು.

ಹಿಂದಿನಿಂದ ಏನೋ ಸದ್ದಾಯಿತು. ತಿರುಗಿ ನೋಡಿದೆ. ಸುಜಾತಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಇವರೇ," ಎಂದಳು, ಮುಂದೆ ಹೇಳಲಾಗಲಿಲ್ಲ. ಮತ್ತೆ ಪ್ರಯತ್ನಿಸಿದಳು, "ಇವರೇ, ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ನೀವು ಇವಕ್ಕೆ... ಕಡಲೆ... ನೆನೆಸಿ..." ಎಂದು ಕುರ್ಚಿಯಿಂದ ಎದ್ದು ಗೋಡೆ ಹಿಡಿದುಕೊಂಡಳು. ಆಮೇಲೆ ಗೋಡೆಯೂ ಸಾಲದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ನೆನೆಸಿದ ಕಡಲೆ! ಊರಲ್ಲಿ ಬಾಣಂತಿಗೂ ಇಷ್ಟು ಉಪಚಾರ ಇಲ್ಲ!" ಅವಳ ನಗು ನಿಂತಾಗ ಸಂಡಿಗೆ ಅರ್ಧ ಖಾಲಿಯಾಗಿತ್ತು. ಅದರ ಕಡೆ ಇಬ್ಬರೂ ನೋಡಲಿಲ್ಲ. ಹೌದಲ್ಲ, ಗುರಿ ನೋಡುತ್ತಿದ್ದ ದಿನಗಳಲ್ಲಿ ನಾನು ಹೊಡೆದ ಕಡಲೆಯೊಂದೂ ಮರುದಿನ ನೆಲದ ಮೇಲೆ ಕಾಣಲಿಲ್ಲವಲ್ಲ! ತಾರಸಿ ಎಷ್ಟು ಚೊಕ್ಕವಾಗಿದೆ, ಶಫೀಕ್ ಭಾಯ್ ಎಷ್ಟು ಚೆನ್ನಾಗಿ ಗುಡಿಸುತ್ತಾನೆ ಎಂದು ನಾನು ಮೆಚ್ಚಿಕೊಂಡಿದ್ದೆ. ಗುಂಡಿನ ಹದ ಉತ್ತಮವಾದಂತೆಲ್ಲ ಊಟ ಉತ್ತಮವಾಗಿತ್ತು, ಪಂಕ್ತಿ ದೊಡ್ಡದಾಗಿತ್ತು.

ನಗುವಿನ ಸುಖ ಬಹಳ ಹೊತ್ತು ಉಳಿಯಲಿಲ್ಲ. ಶಫೀಕ್ ಭಾಯ್ ಏದುಸಿರು ಬಿಡುತ್ತ ಮೇಲೆ ಬಂದು, "ಸಾಬ್, ಅರ್ಬಾಬ್ ಆ ರಹಾ ಹೈ. ಟಾಂಕಿ ಕೇ ಊಪರ್ ಬಹುತ್ ಗಂದಾ" ಎಂದ. ಯಜಮಾನರು ಬರುತ್ತಿದ್ದಾರೆ, ಟಾಂಕಿಯ ಮೇಲೆಲ್ಲ ಹಿಕ್ಕೆ. ಕೀಲಿಕೈ ಹೋಯಿತು ಎಂದುಕೊಂಡೆ. ಸುಜಾತಾಳ ಮುಖ ಒಮ್ಮೆಲೇ ಹಳೆಯ ಹಾಗಾಯಿತು. ಅವಳು ಹಾಸಿದ ಸೀರೆಯ ತುದಿ ಮಡಚತೊಡಗಿದಳು. ಅದನ್ನು ನೋಡುವುದು ನನ್ನಿಂದಾಗಲಿಲ್ಲ. ಅಬೂ ಯೂಸುಫ್ ಊರುಗೋಲು ಹಿಡಿದು, ಬಿಳಿಯ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿಕೊಂಡು ಮೇಲೆ ಬಂದರು. ಪಾರಿವಾಳಗಳ ನಡುವೆ ಬೆನ್ನ ಹಿಂದೆ ಕೈಕಟ್ಟಿ ನಿಂತ ನನ್ನನ್ನು ನೋಡಿ, "ಶಿನೂ ಹಾದಾ?" ಎಂದರು, ಏನಿದು ಎಂದು. ನಾನು ಪೇಟ್ಲವನ್ನು ಮುಂದೆ ಚಾಚಿದೆ. ವಿವರಿಸುವ ಅರಬ್ಬಿ ನನ್ನಲ್ಲಿರಲಿಲ್ಲ, ಆದ್ದರಿಂದ ಒಂದು ಕಡಲೆ ಹೊಡೆದು ತೋರಿಸಿದೆ. ಪಾರಿವಾಳಗಳು ಓಡಿಹೋಗಿ ತಿಂದವು. ಮುದುಕರ ಹುಬ್ಬು ಮೇಲೇರಿತು. ಹಕ್ಕಿಗೆ ಕಾಳು ಹಾಕಲು ಈ ಮನುಷ್ಯ ಇಷ್ಟು ಕಷ್ಟಪಟ್ಟು ಒಂದು ಯಂತ್ರವನ್ನೇ ಮಾಡಿದ್ದಾನೆ ಎಂದು ಅವರಿಗನಿಸಿತು. "ಮಾಶಾಅಲ್ಲಾ," ಎಂದು ನನ್ನ ಹೆಗಲು ತಟ್ಟಿದರು. ಹಕ್ಕಿಗೆ ಉಣಿಸಿದವನಿಗೆ ಬಹಳ ಪುಣ್ಯವಂತೆ. ಅವರ ತಪ್ಪು ತಿಳುವಳಿಕೆಯನ್ನು ತಿದ್ದಲು ನಾನು ಬಾಯಿ ತೆರೆದೆ. ಸುಜಾತಾ ಹಿಂದಿನಿಂದ ನನ್ನ ಅಂಗಿ ಎಳೆದಳು. ಮುಚ್ಚಿದೆ.

ಆದರೆ ಪುಣ್ಯ ಬೇರೆ, ಟಾಂಕಿ ಬೇರೆ. ಅವರು ಊರುಗೋಲಿನಿಂದ ಪಕ್ಕಕ್ಕೆ ತೋರಿಸಿದರು. ನಮ್ಮ ಕಟ್ಟಡದ ಬದಿಗೆ ಒಂದು ಓಣಿ, ಅದರಾಚೆ ಪಾಳುಬಿದ್ದ ಒಂದು ಹಳೆಯ ಮನೆ, ಅದೂ ಅವರದೇ. ಅಲ್ಲಿ ಯಾರೂ ಇಲ್ಲ, ಕಾಳು ಅಲ್ಲಿ ಹಾಕು, ಇಲ್ಲಿ ಒಂದು ಕಾಳು ಕಂಡರೂ ಬೀಗ ಎಂದು ಅರ್ಧ ಅರಬ್ಬಿ ಅರ್ಧ ಹಿಂದಿಯಲ್ಲಿ ಹೇಳಿ ಇಳಿದುಹೋದರು. ಆ ಮನೆಯ ಮೆಟ್ಟಿಲು ಕುಸಿದು ವರ್ಷಗಳಾಗಿವೆ, ಅದರ ಮಾಡಿಗೆ ಹೋಗುವ ದಾರಿಯೇ ಇಲ್ಲ. ಸುದ್ದಿ ಕೇಳಿ ಮೇಲೆ ಬಂದ ಪೊರ್ಬುಗಳು, "ಕೈಯಲ್ಲಿ ಬಿಸಾಡಿದ್ರೆ ಆಯ್ತಪ್ಪ" ಎಂದರು. ಬಿಸಾಡಿ ನೋಡಿದೆವು. ಅರ್ಧ ಕಾಳು ಓಣಿಯಲ್ಲಿ ನಿಂತ ಕಾರುಗಳ ಮೇಲೆ ಬಿತ್ತು, ಹಕ್ಕಿಗಳು ತಿರುಗಿಯೂ ನೋಡಲಿಲ್ಲ. ಅವಕ್ಕೆ ಪಟ್ ಎಂಬ ಸದ್ದೇ ಊಟದ ಗಂಟೆಯಾಗಿತ್ತು. ಪೇಟ್ಲ ಎತ್ತಿ ಹೊಡೆದೆ. ಓಣಿ ದಾಟಲು ಒಂದು ಮಾರು ಬಾಕಿಯಿರುವಾಗ ಕಡಲೆ ಕೆಳಗಿಳಿಯಿತು. ಪೊರ್ಬುಗಳು, ಕಡಲೆ ಇನ್ನೂ ಸ್ವಲ್ಪ ಗಟ್ಟಿ ಬೇಕು ಎಂದರು. ನಾನು, ಇಲ್ಲ ಟಿಶ್ಯೂ ದಪ್ಪ ಬೇಕು ಎಂದೆ. ನಮ್ಮ ಚರ್ಚೆ ತೆಂಗಿನೆಣ್ಣೆಯವರೆಗೆ ಬಂದಾಗ ಸುಜಾತಾ, "ಸ್ವಲ್ಪ ಕೊಡಿ ಇಲ್ಲಿ" ಎಂದು ನನ್ನ ಕೈಯಿಂದ ಪೇಟ್ಲ ತೆಗೆದುಕೊಂಡಳು.

ಸೆರಗು ಸಿಕ್ಕಿಸಿದಳು. ಕಡಲೆಯ ಮೂಗನ್ನು ಉಗುರಿನಿಂದ ಚಿವುಟಿ ತೆಗೆದಳು, ಟಿಶ್ಯೂ ಎಸೆದಳು. ಕೋಲಿನ ಹಿಡಿಯನ್ನು ನನ್ನ ಹಾಗೆ ಕೈಯಿಂದ ಒತ್ತದೆ, ಸೊಂಟಕ್ಕೆ ಆನಿಸಿ, ಕೊಳವೆಯನ್ನೇ ಎರಡೂ ಕೈಯಲ್ಲಿ ಹಿಂದಕ್ಕೆ ಸೆಳೆದಳು. ಆ ಸದ್ದಿಗೆ ಪೊರ್ಬುಗಳು ಕಿವಿ ಮುಚ್ಚಿಕೊಂಡರು. ಕಡಲೆ ಓಣಿ ದಾಟಿ, ಹಳೆಯ ಮನೆಯ ಮಾಡಿನ ಮೇಲಿದ್ದ ತುಕ್ಕು ಹಿಡಿದ ಡಿಶ್ ಆಂಟೆನಾಕ್ಕೆ ಟಣ್ ಎಂದು ಬಡಿಯಿತು. ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಆ ಕಡೆಗೆ ಹಾರಿದವು. ನಮ್ಮ ತಾರಸಿಯಲ್ಲಿ ಒಂದು ಹಕ್ಕಿಯೂ ಉಳಿಯಲಿಲ್ಲ. ಗುಂಡು ಎಡಕ್ಕೆ ಹೋಗಲಿಲ್ಲವಲ್ಲ ಎಂದು ನಾನು ತೊದಲಿದೆ. "ಅದು ಎಡಕ್ಕೆ ಹೋಗುವುದಲ್ಲ, ನೀವು ಒತ್ತುವಾಗ ಕೈ ಎಡಕ್ಕೆ ತಿರುಗಿಸ್ತೀರಿ" ಎಂದಳು. "ನಿನಗೆ ಇದೆಲ್ಲ ಹೇಗೆ ಗೊತ್ತು?" ಎಂದು ಕೇಳಿದೆ. ಪೊರ್ಬುಗಳು ನನ್ನನ್ನು ಕನಿಕರದಿಂದ ನೋಡಿದರು. ಸುಜಾತಾ ಹೇಳಿದಳು, "ನನ್ನ ತವರುಮನೆ ಎಲ್ಲಿ? ರಥಬೀದಿಯ ಹಿಂದಿನ ಓಣಿ. ಅಷ್ಟಮಿಗೆ ನನ್ನ ಪೇಟ್ಲಕ್ಕೆ ಹೆದರಿ ನನ್ನ ಅಣ್ಣಂದಿರು ಹೊರಗೆ ಬರ್ತಿರ್ಲಿಲ್ಲ. ನೀವು ಒಂದು ಸಲವಾದ್ರೂ ಕೇಳಿದ್ದೀರಾ? ಕೇಳಿದ್ದೆಲ್ಲ ಪೊರ್ಬುಗಳ ಹತ್ತಿರ."

ಮಾತು ಪೇಟ್ಲದ್ದು ಮಾತ್ರ ಅಲ್ಲವೆಂದು ನನಗೆ ಅರ್ಥವಾಯಿತು. ಆ ಸಂಜೆ ಚಹಾ ಕುಡಿಯುವಾಗ, ಇಷ್ಟು ತಿಂಗಳು ಕೇಳದೆ ಉಳಿದದ್ದನ್ನು ಕೇಳಿದೆ. ಆ ದಿನ ಕ್ಲಿನಿಕ್ಕಿನಲ್ಲಿ ಏನಾಯಿತು, ಕುರ್ಚಿಯಲ್ಲಿ ಕೂತವಳು ಏನೆಂದಳು, ನಿನಗೆ ಹೇಗಾಯಿತು ಎಂದು. ಅವಳು ಹೇಳಿದಳು. ಸ್ವಲ್ಪ ಅತ್ತಳು. ಆಮೇಲೆ ಆ ಹೊಸ ಮ್ಯಾನೇಜರು ಕುತ್ತಿಗೆಯ ಟೈ ಹಿಡಿದುಕೊಂಡೇ ಮಾತಾಡುವುದನ್ನು ಎದ್ದು ನಿಂತು ಮಾಡಿ ತೋರಿಸಿದಳು. ನನ್ನ ಬಾಗು ಯಾವುದೆಂಬ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ನಾನು ಹತ್ತಿರದ್ದನ್ನು ಬಿಟ್ಟು ದೂರದ ನಲ್ಲಿಗೆ ಗುರಿಯಿಡುವವನು. ಹಾಗಿದ್ದೂ ಈ ಒಂದು ಸಲ, ಪಾರಿವಾಳಕ್ಕೆಂದು ಹೊಡೆದ ಗುಂಡು ಬೀಳಬೇಕಾದ ಕಡೆಗೇ ಬಿದ್ದಿತ್ತು.

ಈಗ ನಮ್ಮ ತಾರಸಿಯಲ್ಲಿ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸು ಎಲ್ಲ ನಿರ್ಭಯವಾಗಿ ಒಣಗುತ್ತವೆ. ಪೊರ್ಬುಗಳ ಮನೆಗೂ ಹೋಗುತ್ತವೆ, ಅಬೂ ಯೂಸುಫರ ಮನೆಗೂ. ಅವರಿಗೆ ಅಕ್ಕಿ ಸಂಡಿಗೆ ಇಷ್ಟವಂತೆ. ಬೆಳಿಗ್ಗೆ ಕಡಲೆ ಹೊಡೆಯುವ ಕೆಲಸ ಮನೆಯ ಯಜಮಾನನೆಂಬ ಕಾರಣಕ್ಕೆ ನನಗೇ ಬಂದಿದೆ. ಸೊಂಟಕ್ಕೆ ಆನಿಸಿ ಸೆಳೆಯುವುದನ್ನು ಅವಳೇ ಕಲಿಸಿದಳು. ಹೊಟ್ಟೆಯಿಂದಾಗಿ ನನಗೆ ಇನ್ನೂ ಪೂರ್ತಿ ಬಂದಿಲ್ಲ. ಸ್ವಲ್ಪ ತಡವಾದರೆ ಪಾರಿವಾಳಗಳು ನಮ್ಮ ಮಲಗುವ ಕೋಣೆಯ ಕಿಟಕಿಗೆ ಬಂದು ಕೊಕ್ಕಿನಿಂದ ಕುಟ್ಟುತ್ತವೆ. ನಾನು ಶುಕ್ರವಾರವೂ ರಜೆಯಿಲ್ಲದೆ ಹಾಜರಾಗುತ್ತೇನೆ. ಮೊನ್ನೆ ಯಾರೋ ಗೆಳತಿ ಫೋನಿನಲ್ಲಿ, ಕೆಲಸ ಸಿಕ್ಕಿತಾ ಎಂದು ಸುಜಾತಾಳನ್ನು ಕೇಳಿದರೆಂದು ಕಾಣುತ್ತದೆ. "ನನಗೆ ಇನ್ನೂ ಇಲ್ಲ ಮಾರಾಯ್ತಿ, ನೋಡ್ತಾ ಇದ್ದೇನೆ" ಎಂದಳು ಅವಳು. "ಇವರಿಗೆ ಸಿಕ್ಕಿದೆ."

ನನ್ನ ಈ ಕೆಲಸದ ಪರೀಕ್ಷಾ ಅವಧಿ ಮಾತ್ರ ಇನ್ನೂ ಮುಗಿದಿಲ್ಲ. ಈ ಅಷ್ಟಮಿಗೆ ನಾನು ಊರಿಗೆ ಹೋಗಬೇಕೆಂದಿದ್ದೇನೆ ಎಂದಾಗ ಸುಜಾತಾ ಸಂಡಿಗೆಯಿಂದ ತಲೆಯೆತ್ತದೆ, "ಧಾರಾಳ ಹೋಗಿ ಬನ್ನಿ. ಪೇಟ್ಲ ಇಟ್ಟು ಹೋಗಿ" ಎಂದಳು.